ಬ್ಯಾಂಕಿನ ಖಾತೆ ಚೊಕ್ಕವಾಯಿತು, ರೈತನ ಖಾತೆ?



ಹತ್ತು ವರ್ಷದ ಹಿಂದೆ ಈ ದೇಶದ ಬ್ಯಾಂಕುಗಳಿಗೆ ಕಾಯಿಲೆ ಬಿದ್ದಿತ್ತು. ಅದು ನಮ್ಮಿಂದ ಬಂದದ್ದಲ್ಲ. ಉಕ್ಕು, ವಿದ್ಯುತ್ತು, ರಸ್ತೆ ಅಂತ ಸಾವಿರಾರು ಕೋಟಿ ಎತ್ತಿದ ಕಂಪನಿಗಳು ಕೈ ಎತ್ತಿಬಿಟ್ಟಿದ್ದವು. 2015ರಲ್ಲಿ ರಿಸರ್ವ್ ಬ್ಯಾಂಕು ಲೆಕ್ಕ ಬಿಚ್ಚಿಸಿತು. 2018ರ ಮಾರ್ಚಿ ಹೊತ್ತಿಗೆ ಕೊಟ್ಟ ಸಾಲದಲ್ಲಿ ನೂರಕ್ಕೆ ಹನ್ನೊಂದು ರೂಪಾಯಿಗೂ ಮೇಲೆ ವಸೂಲಾಗದೆ ನಿಂತಿತ್ತು.

ಆಮೇಲೆ ಚಿಕಿತ್ಸೆ ನಡೆಯಿತು. 2016ರಲ್ಲಿ ದಿವಾಳಿ ಕಾನೂನು ಬಂತು. 2017ರಲ್ಲಿ ಕೇಂದ್ರ ಸರ್ಕಾರ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ರೂಪಾಯಿ ಬಂಡವಾಳದ ಯೋಜನೆ ಸಾರಿತು. 1913ರಲ್ಲಿ ಹುಟ್ಟಿದ ನಮ್ಮ ಮೈಸೂರು ಬ್ಯಾಂಕು ಅದೇ ವರ್ಷ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. 2014-15ರಿಂದ ಒಂಬತ್ತು ವರ್ಷದಲ್ಲಿ 14.56 ಲಕ್ಷ ಕೋಟಿ ಸಾಲವನ್ನು ಪುಸ್ತಕದಿಂದ ತೆಗೆದರು. ಅದರಲ್ಲಿ ಸುಮಾರು ಅರ್ಧ ದೊಡ್ಡ ಉದ್ದಿಮೆಗಳದ್ದು. "ಇದು ಮನ್ನಾ ಅಲ್ಲ, ವಸೂಲಿ ನಡೆದೇ ಇರುತ್ತೆ" ಅನ್ನುತ್ತಾರೆ. ಕಾನೂನಿನಲ್ಲಿ ಹಾಗೇ ಇದೆ, ಒಪ್ಪೋಣ. ಆದರೆ ಅಷ್ಟೂ ವರ್ಷದಲ್ಲಿ ಮರಳಿ ಬಂದದ್ದು 2.04 ಲಕ್ಷ ಕೋಟಿ ಮಾತ್ರ.

ಇನ್ನು ನಮ್ಮ ಕಡೆ ನೋಡಿ. 2017ರಲ್ಲಿ ರಾಜ್ಯ ಸರ್ಕಾರ ಸಹಕಾರ ಸಂಘಗಳ ಬೆಳೆಸಾಲದಲ್ಲಿ ತಲಾ 50 ಸಾವಿರ ಮನ್ನಾ ಮಾಡಿತು. ಒಟ್ಟು 8,165 ಕೋಟಿ. ಅದೇ ವರ್ಷ ರಿಸರ್ವ್ ಬ್ಯಾಂಕಿನ ಗವರ್ನರು ಊರ್ಜಿತ್ ಪಟೇಲರು, ಸಾಲಮನ್ನಾದಿಂದ ಪ್ರಾಮಾಣಿಕವಾಗಿ ಸಾಲ ಕಟ್ಟುವ ಪದ್ಧತಿ ಕೆಡುತ್ತೆ ಅಂತ ಎಚ್ಚರಿಕೆ ಕೊಟ್ಟಿದ್ದರು.

ಮನ್ನಾ ಒಂದೇ ಮದ್ದು ಅಂತ ನಾವೂ ಹೇಳುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ಕಂಪನಿ ಮುಳುಗಿದರೆ ಸಾಲ ಕೊಟ್ಟವರೆಲ್ಲ ಒಟ್ಟಿಗೆ ಕೂತು, "ಇದು ದುಡಿದು ಎಷ್ಟು ಕಟ್ಟಬಲ್ಲದು?" ಅಂತ ಲೆಕ್ಕ ಹಾಕುತ್ತಾರೆ, ಸಾಲ ಇಳಿಸುತ್ತಾರೆ, ವಾಯಿದೆ ಕೊಡುತ್ತಾರೆ. ರೈತನನ್ನು ಕೇಳುವುದು ಒಂದೇ ಮಾತು: "ಯಾವತ್ತು ಕಟ್ತೀಯಪ್ಪಾ?"

ಸಾಲಗಾಮೆ ಹೋಬಳಿಯ ಆಲೂಗಡ್ಡೆ ಬೆಳೆಗಾರನನ್ನೇ ತಗೊಳ್ಳಿ. ಬಿತ್ತನೆ ಗಡ್ಡೆ ದೂರದ ಜಲಂಧರಿನಿಂದ ಬರಬೇಕು. ಗೊಬ್ಬರ, ಔಷಧಿ, ಆಳಿನ ಕೂಲಿ ಎಲ್ಲಾ ಮುಂಗಡ. ಅಂಗಮಾರಿ ಬಿದ್ದರೆ ಹೊಲವೇ ಕಪ್ಪು. ಬೆಳೆ ಉಳಿದರೆ ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತೆ. ಆಲೂಗಡ್ಡೆಗೆ ಕೇಂದ್ರದ ಬೆಂಬಲ ಬೆಲೆಯೂ ಇಲ್ಲ. ವಾಯಿದೆಯ ದಿನ ಕೈಸಾಲ ತಂದು ಕಟ್ಟಿ, ಮಾರನೇ ದಿನ ಮತ್ತೆ ಎತ್ತಿ ಕೈಸಾಲ ತೀರಿಸುತ್ತಾನೆ. ಸಂಘದ ಪುಸ್ತಕದಲ್ಲಿ ಅವನು ಒಳ್ಳೇ ಸಾಲಗಾರ. ಮನೇಲಿ ಸಾಲ ಹಾಗೇ ಇದೆ, ಬಡ್ಡಿ ಮಾತ್ರ ಬೆಳೀತಾ ಇದೆ.

ಬರ, ಅತಿವೃಷ್ಟಿಯಿಂದ ಬೆಳೆ ಹೋದರೆ ಕಂತು ಮುಂದೂಡಲು ನಿಯಮ ಇದೆ. ಬೆಲೆ ಬಿದ್ದು ರೈತ ಹಾಳಾದರೆ ಅಂಥ ನಿಯಮ ಎಲ್ಲಿದೆ? ಬೇಕಾದ ಸುಧಾರಣೆ ಇದೇ: ಮಾರುಕಟ್ಟೆ ಬೆಲೆ ಬೆಳೆದ ಖರ್ಚಿಗಿಂತ ಕೆಳಗಿಳಿದ ವರ್ಷ, ಯಾರ ಕಾಲೂ ಹಿಡಿಯದೆ, ಸುಸ್ತಿ ಬಡ್ಡಿ ಇಲ್ಲದೆ ಸಾಲದ ವಾಯಿದೆ ತಾನಾಗಿ ಮುಂದೆ ಹೋಗಬೇಕು. ಖರ್ಚಿನ ಮೇಲೆ ಲಾಭ ಸಿಗುವ ಬೆಲೆ ಕಾನೂನಾಗಬೇಕು. ಬೆಲೆ ಸರಿಯಾಗದೆ ಸಾಲ ಸರಿಯಾಗದು.

ಇದನ್ನು ಬಾಯಿಮಾತಲ್ಲಿ ಕೇಳಿದರೆ ಯಾರೂ ಕೊಡುವುದಿಲ್ಲ. ಈ ಹಂಗಾಮಿನಿಂದಲೇ ಎಕರೆಗೆ ಬಿದ್ದ ಖರ್ಚು, ಮನೆಯವರ ದುಡಿಮೆ, ಸಿಕ್ಕ ಬೆಲೆ ಎಲ್ಲವನ್ನೂ ಬರೆದಿಡಿ. ಸಂಘದ ಸರ್ವಸದಸ್ಯರ ಸಭೆಗೆ ಆ ಪುಸ್ತಕ ಹಿಡಿದು ಹೋಗಿ, ಠರಾವು ಮಾಡಿಸಿ. ಬ್ಯಾಂಕಿನವರು ತಮ್ಮ ಲೆಕ್ಕ ತೋರಿಸಿ ಲಕ್ಷ ಕೋಟಿ ತಂದರು. ನಮ್ಮ ಲೆಕ್ಕ ನಾವು ತೋರಿಸೋಣ.