ಕಡಲ ದಂಡೆಯಲ್ಲಿ ಕೂಸು ಯಾರ ಪಾಳಿ?



ರಜೆ ಬಂತೆಂದರೆ ನಮ್ಮ ಬಿಳಿಚೋಡಿನ ಯಾವುದಾದರೂ ಒಂದು ಮನೆಯಲ್ಲಿ "ಮುರುಡೇಶ್ವರಕ್ಕೆ ಹೋಗಿ ಬರೋಣ, ಹುಡುಗ್ರು ಸಮುದ್ರ ನೋಡ್ಲಿ" ಎಂಬ ಮಾತು ಏಳುತ್ತದೆ. ಅದರ ಹಿಂದೆಯೇ ಇನ್ನೊಂದು ಮಾತೂ ಬರುತ್ತದೆ. "ಕೂಸು ಸಣ್ಣದು, ನೀರಿನ ಹತ್ರ ಯಾಕೆ? ಅದನ್ನ ಇಟ್ಕೊಂಡು ಅದರವ್ವ ಮನೇಲೇ ಇರ್ಲಿ ಬಿಡ್ರಿ." ಈ ಎರಡನೇ ಮಾತು ನನಗೆ ಸರಿ ಕಾಣುವುದಿಲ್ಲ. ಕೂಸೂ ಹೋಗಲಿ, ಅದರ ತಾಯಿಯೂ ಹೋಗಲಿ. ಆದರೆ ಗಾಡಿ ಹತ್ತುವ ಮೊದಲೇ ಕೂಸನ್ನು ಕಾಯುವ ಪಾಳಿ ಹೆಸರು ಹಿಡಿದು ಗೊತ್ತಾಗಬೇಕು. ಇದು ನನ್ನ ಅಭಿಪ್ರಾಯ.

ಪಾಳಿ ಅಂದರೆ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೋರಿನ ನೀರು ಅಣ್ಣತಮ್ಮಂದಿರ ನಡುವೆ ಪಾಳಿಯ ಮೇಲೆ ಹರಿಯುತ್ತದೆ. ರಾತ್ರಿ ಕರೆಂಟು ಕೊಟ್ಟಾಗ ಯಾರು ಹೊಲಕ್ಕೆ ಹೋಗಬೇಕು ಎಂಬುದಕ್ಕೂ ಪಾಳಿ ಇದೆ. ಕುರಿ ಮಂದೆಯನ್ನು ಕೂಡ "ಎಲ್ರೂ ನೋಡ್ಕೊಳ್ರಿ" ಅಂತ ಬಿಟ್ಟು ಬರುವುದಿಲ್ಲ. ಆದರೆ ಕೂಸಿನ ವಿಷಯ ಬಂದಾಗ ಮಾತ್ರ "ಎಲ್ರೂ ಇದೀವಲ್ಲ" ಅನ್ನುತ್ತಾರೆ! ಹತ್ತು ಮಂದಿ ಸೇರಿದ ಕಡೆ ಹಾವು ಸಾಯಲ್ಲ ಅಂತ ನಮ್ಮಜ್ಜಿ ಹೇಳುವುದು ಇದಕ್ಕೇ.

ನಾವು ಮುರುಡೇಶ್ವರಕ್ಕೆ ಹೋದಾಗ ಕ್ರೂಸರ್ ಗಾಡಿಯಲ್ಲಿ ಹನ್ನೊಂದು ಜನ, ಜೊತೆಗೆ ನಮ್ಮಕ್ಕನ ಮಗ. ಅವನಿಗೆ ಆಗ ಒಂದೂವರೆ ವರ್ಷ. ದಾವಣಗೆರೆ, ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪೆ ಘಟ್ಟ ಇಳಿಯುವಾಗ ಅರ್ಧ ಜನಕ್ಕೆ ವಾಂತಿ. ಅದನ್ನು ಬರೆಯುವುದು ಬೇಡ. ದೂರದಿಂದಲೇ 123 ಅಡಿಯ ಶಿವನ ಮೂರ್ತಿ ಕಂಡಾಗ ಎಲ್ಲರೂ ಕೈ ಮುಗಿದರು. ದರ್ಶನ ಮುಗಿಸಿ ದಂಡೆಗೆ ಬಂದದ್ದೇ ತಡ, ಭಾವ ಮೊಬೈಲು ಹಿಡಿದು ಫೋಟೋಗೆ ನಿಂತರು. ಸೋದರಮಾವ ಪ್ಯಾಂಟು ಮಡಚಿ ನೀರಿಗೆ ಹೋದರು. ನಾವು ಹುಡುಗರು ಕಪ್ಪೆಚಿಪ್ಪು ಆರಿಸಲು ಓಡಿದೆವು. ಅಜ್ಜಿ ಒಂದು ಹನಿ ನೀರು ನಾಲಿಗೆಗೆ ಮುಟ್ಟಿಸಿಕೊಂಡು "ಅಯ್ಯೋ ಉಪ್ಪೇ ಉಪ್ಪು, ಇಷ್ಟು ನೀರಿದ್ದು ಏನು ಬಂತು!" ಅಂತ ಮರುಗಿದರು.

ಕೂಸು ಮಾತ್ರ ಅಲೆಯ ಕಡೆಗೇ ತಟ್ಟಾಡುತ್ತಾ ನಡೆಯುತ್ತಿತ್ತು. ಅಲೆ ಹಿಂದಕ್ಕೆ ಹೋದಾಗ ಅದರ ಬೆನ್ನು ಹತ್ತುವುದು, ಅಲೆ ಬಂದಾಗ ಕುಂಡೆಯ ಮೇಲೆ ಕೂತು ನಗುವುದು. ಮರಳು ಮುಷ್ಟಿಯಲ್ಲಿ ಹಿಡಿದು ಬಾಯಿಗೆ. ಅದಕ್ಕೆ ಹೆದರಿಕೆ ಎಂಬುದೇ ಇಲ್ಲ. ನಮ್ಮಕ್ಕ ಸೀರೆ ನೆರಿಗೆ ಸಿಕ್ಕಿಸಿಕೊಂಡು ಅದರ ಹಿಂದೆಯೇ ಬಗ್ಗಿ ಬಗ್ಗಿ ಓಡಾಡಿದಳು. ಊಟವನ್ನೂ ನಿಂತೇ ಮಾಡಿದಳು. ವಾಪಸ್ ಬರುವಾಗ ಗಾಡಿಯಲ್ಲಿ ನಾನು "ಸಮುದ್ರ ಹೆಂಗಿತ್ತಕ್ಕ?" ಅಂದೆ. "ನಾನೆಲ್ಲಿ ನೋಡಿದೆ ಮಾರಾಯ್ತಿ, ಇವನ ಬೆನ್ನೇ ನೋಡಿದ್ದು" ಅಂದಳು. ಭಾವ ನಕ್ಕರು, ಎಲ್ಲರೂ ನಕ್ಕರು. ನನಗೇಕೋ ನಗು ಬರಲಿಲ್ಲ. ಅಷ್ಟು ದೂರ ಹೋಗಿಯೂ ಅವಳು ಸಮುದ್ರ ನೋಡದೇ ಬಂದಳಲ್ಲ!

ಕೆಲವರು ಕೇಳಬಹುದು, "ತಾಯಿ ನೋಡ್ಕೊಂಡಳಲ್ಲ, ಕೂಸಿಗೆ ಏನೂ ಆಗಲಿಲ್ಲವಲ್ಲ, ಮತ್ತೇನು ನಿನ್ನದು?" ಅಂತ. ಒಬ್ಬಳೇ ಆರು ತಾಸು ಬಿಸಿಲಿನಲ್ಲಿ ಕಣ್ಣು ರೆಪ್ಪೆ ಮುಚ್ಚದೆ ಕಾಯಲು ಸಾಧ್ಯವೇ? ಅವಳಿಗೂ ಬಾಯಾರುತ್ತದೆ, ಯಾರಾದರೂ ಕೂಗಿದರೆ ತಿರುಗಿ ನೋಡುತ್ತಾಳೆ. ಅಷ್ಟೇ ಸಾಕು. ನೀರಿನಲ್ಲಿ ಮುಳುಗುವ ಕೂಸು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನೊಳಗಿದ್ದರೆ ಕೂಗು ಎಲ್ಲಿಂದ ಬರಬೇಕು? ಸದ್ದಿಲ್ಲದೆ, ಒಂದೆರಡು ನಿಮಿಷದಲ್ಲಿ, ಮೊಣಕಾಲುದ್ದದ ನೀರಿನಲ್ಲೂ ಅನಾಹುತ ಆಗಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿಯ ಪ್ರಕಾರ 2021ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ತೀರಿಕೊಂಡರು. ಅವರಲ್ಲಿ ಹೆಚ್ಚು ಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು.

ಇನ್ನು ನಾವು ಬಯಲುಸೀಮೆಯವರು. ನಮಗೆ ನೀರು ಅಂದರೆ ಬೋರು, ನಲ್ಲಿ, ಟ್ಯಾಂಕರು. ತುಂಗಭದ್ರೆಯ ನೀರಿನಿಂದ ಜಗಳೂರು ತಾಲೂಕಿನ 57 ಕೆರೆ ತುಂಬಿಸುವ ಯೋಜನೆ ಬಂದಾಗ ಕೆರೆಗೆ ನೀರು ಬರುವುದೇ ನಮಗೆ ಹಬ್ಬವಾಯಿತು. ಹಿಂದೆ ನಮ್ಮ ಅಜ್ಜಂದಿರು ಸೋರೆಬುರುಡೆ ಕಟ್ಟಿಕೊಂಡು ತೆರೆದ ಬಾವಿಯಲ್ಲಿ ಈಜು ಕಲಿಯುತ್ತಿದ್ದರಂತೆ. ಬಾವಿ ಬತ್ತಿದವು, ಅದರ ಜೊತೆ ಈಜೂ ಬತ್ತಿತು. ನಮ್ಮ ತರಗತಿಯಲ್ಲಿ ಈಜು ಬರುವವರನ್ನು ಎಣಿಸಲು ಒಂದು ಕೈ ಬೆರಳು ಸಾಕು. ಇಂಥ ನಾವು ಸಮುದ್ರವನ್ನೂ ಕೆರೆ ಅಂದುಕೊಂಡೇ ಇಳಿಯುತ್ತೇವೆ.

ಕೆರೆ ಬೇರೆ, ಸಮುದ್ರ ಬೇರೆ. ಕೆರೆಯ ನೀರು ನಿಂತ ಕಡೆ ನಿಂತಿರುತ್ತದೆ. ಸಮುದ್ರದಲ್ಲಿ ಉಬ್ಬರ ಇಳಿತ ಉಂಟು. ಬೆಳಿಗ್ಗೆ ಚಾಪೆ ಹಾಸಿದ ಒಣ ಮರಳು ಮಧ್ಯಾಹ್ನಕ್ಕೆ ನೀರಿನೊಳಗೆ ಇರಬಹುದು. ಹುಣ್ಣಿಮೆ ಅಮಾವಾಸ್ಯೆಗೆ ಉಬ್ಬರ ಇನ್ನೂ ಜಾಸ್ತಿ. ಅಲೆ ಹಿಂದೆ ಸರಿಯುವಾಗ ಪಾದದ ಕೆಳಗಿನ ಮರಳನ್ನು ಎಳೆದುಕೊಂಡೇ ಹೋಗುತ್ತದೆ. ದೊಡ್ಡವರಿಗೆ ಅದು ಕಚಗುಳಿ, ಕೂಸಿಗೆ ಮಾತ್ರ ನಿಂತ ನೆಲವೇ ಹೋದ ಹಾಗೆ. ಇನ್ನೊಂದು ಮಾತು. ಎರಡು ಕಡೆ ಅಲೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿ ಮಾತ್ರ ತಣ್ಣಗೆ ಕಂಡರೆ "ಇಲ್ಲಿ ಅಲೆ ಇಲ್ಲ, ಕೂಸನ್ನ ಇಲ್ಲೇ ಆಡಿಸೋಣ" ಅನ್ನಿಸುತ್ತದೆ. ದಂಡೆಗೆ ಬಂದ ನೀರು ರಭಸವಾಗಿ ಒಳಗೆ ವಾಪಸ್ ಹೋಗುವ ದಾರಿ ಎಷ್ಟೋ ಸಲ ಅದೇ ಆಗಿರುತ್ತದೆ. ಮೀನುಗಾರರನ್ನೋ ಜೀವರಕ್ಷಕರನ್ನೋ ಕೇಳಿದರೆ ತೋರಿಸುತ್ತಾರೆ. ಕೇಳುವುದಕ್ಕೆ ನಾಚಿಕೆ ಯಾಕೆ? ಗಾಳಿ ತುಂಬಿದ ಟ್ಯೂಬನ್ನು ನಂಬಿ ಕೂಸನ್ನು ಕೂರಿಸುವುದಂತೂ ಬೇಡವೇ ಬೇಡ. ಮುಂಜಾನೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ ಎಂದು ನಾವು ಪಾಠದಲ್ಲಿ ಓದಿ ಅಂಕ ತೆಗೆದುಕೊಂಡಿಲ್ಲವೇ? ಆ ಗಾಳಿ ಟ್ಯೂಬನ್ನೂ ತಳ್ಳಿಕೊಂಡು ಹೋಗುತ್ತದೆ.

2024ರ ಡಿಸೆಂಬರ್ 10ರಂದು ಅದೇ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ನನ್ನ ವಯಸ್ಸಿನವರು. ಅವರೂ ನಮ್ಮ ಹಾಗೆ ಬಯಲುಸೀಮೆಯಿಂದ ಹೋದವರು. ಅದಾದ ಮೇಲೆ ದಂಡೆಗೆ ಯಾರನ್ನೂ ಬಿಡದೆ ಕೆಲವು ಕಾಲ ಮುಚ್ಚಿದ್ದರು. ಕೈಕಾಲು ಬಲಿತ ಹುಡುಗಿಯರ ಗತಿಯೇ ಹೀಗಾದರೆ ಈಗಷ್ಟೇ ನಡೆಯಲು ಕಲಿತ ಕೂಸಿನದು?

"ಹಾಗಾದರೆ ಹೋಗುವುದೇ ಬೇಡ ಅನ್ನು" ಎಂದು ನಮ್ಮಪ್ಪ ವಾದ ಮಾಡಿದರು. ಅದೂ ಸರಿಯಲ್ಲ. ಜಾಗ ನೋಡಿ, ಕಾಲ ನೋಡಿ ಹೋಗಬೇಕು. ಮಳೆಗಾಲದಲ್ಲಿ ಕರಾವಳಿಯ ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆಗ ನಾವು ಕೂಸು ಎತ್ತಿಕೊಂಡು ಹೋಗುವುದು ಹುಚ್ಚುತನ. ಹೊನ್ನಾವರದಿಂದ ಮುರುಡೇಶ್ವರಕ್ಕೆ ಹೋಗುವ ದಾರಿಯಲ್ಲೇ ಕಾಸರಕೋಡು ಸಿಗುತ್ತದೆ. ಆ ದಂಡೆಗೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ 2020ರಲ್ಲಿ 'ಬ್ಲೂ ಫ್ಲ್ಯಾಗ್' ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನೀರಿನ ಶುದ್ಧತೆ, ಶೌಚಾಲಯ, ಜೀವರಕ್ಷಕರು ಎಲ್ಲವನ್ನೂ ನೋಡಿ ಕೊಡುವ ಮಾನ್ಯತೆ ಅದು. ನಮ್ಮ ಗಾಡಿ ಅದರ ಪಕ್ಕದಲ್ಲೇ ಹಾದುಹೋಯಿತು, ಯಾರಿಗೂ ನಿಲ್ಲಿಸಬೇಕೆನಿಸಲಿಲ್ಲ. ದಂಡೆಯಲ್ಲಿ ಶೌಚಾಲಯ, ಸಿಹಿನೀರು, ನೆರಳು ಇವು ಕೂಸಿದ್ದವರಿಗೆ ಎಷ್ಟು ಮುಖ್ಯ ಎಂಬುದು ಕೂಸಿನ ಬಟ್ಟೆ ಬದಲಿಸಿದವರಿಗೇ ಗೊತ್ತು. ಹೊತ್ತು ಏರಿದ ಮೇಲೆ ಮರಳು ಹಂಚಿನ ಹಾಗೆ ಕಾಯುತ್ತದೆ. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು, ಅಷ್ಟು ಸಾಕು ಕೂಸಿಗೆ.

ಪಾಳಿಯ ವಿಷಯ ಬರೀ ಬಾಯಿಮಾತಲ್ಲ. ಸಮುದ್ರ ಅಲ್ಲದಿದ್ದರೂ ದಸರಾ ರಜೆಯಲ್ಲಿ ಚನ್ನಗಿರಿ ತಾಲೂಕಿನ ಸೂಳೆಕೆರೆಗೆ (ಈಗಿನ ಶಾಂತಿಸಾಗರ) ಹೋದಾಗ ನಾನು ಮದುವೆ ಕಾರ್ಡಿನ ಹಿಂದೆ ಪಾಳಿ ಬರೆದೆ. ಅರ್ಧರ್ಧ ತಾಸು. ಪಾಳಿಯವರ ಕೈಯಲ್ಲಿ ಮೊಬೈಲು ಇರಬಾರದು. ಕೂಸಿನಿಂದ ಒಂದು ಮೊಳಕ್ಕಿಂತ ದೂರ ಹೋಗಬಾರದು. ಪಾಳಿ ಬದಲಾಗುವಾಗ "ಇಗೋ ನಿಮ್ಮ ಪಾಳಿ" ಅಂತ ಕೂಸನ್ನು ಕೈಗೆ ಕೊಟ್ಟೇ ಹೋಗಬೇಕು. ಮೊದಲು ಭಾವನಿಗೆ ಸಿಟ್ಟು ಬಂತು, "ನಾನೇನು ಆಯಾನಾ?" ಅಂದರು. ಹತ್ತು ನಿಮಿಷಕ್ಕೆ ಬೆವರಿ "ಇದು ಸುಮ್ನೆ ಕೂರಲ್ಲ ಕಣೇ" ಅಂತ ಅಕ್ಕನನ್ನು ಕೂಗಿದರು. "ಇನ್ನೂ ಇಪ್ಪತ್ತು ನಿಮಿಷ ಐತೆ" ಅಂತ ಅಜ್ಜಿ ಕೂತಲ್ಲಿಂದಲೇ ಹೇಳಿದರು. ಅಕ್ಕ ಏರಿಯ ಮೇಲೆ ನಡೆದುಕೊಂಡು ಬಹಳ ದೂರ ಹೋಗಿ ಬಂದಳು. ಏನು ನೋಡಿದೆ ಅಂತ ನಾನು ಕೇಳಲಿಲ್ಲ.

ಆ ಪಾಳಿ ಚೀಟಿ ನಮ್ಮ ಮನೆಯ ಕ್ಯಾಲೆಂಡರಿನ ಹಿಂದೆ ಹಾಗೇ ಇದೆ. ರಜೆಗೆ ಹೊರಡುವವರು ಯಾರಾದರೂ ಬಂದು ನೋಡಿ ಬರೆದುಕೊಳ್ಳಬಹುದು. ಇದನ್ನು ಒಪ್ಪದವರು ಪಕ್ಕದ ಖಾಲಿ ಹಾಳೆಯಲ್ಲಿ ಬರೆಯಿರಿ. ಹೆಸರು, ತರಗತಿ ಹಾಕುವುದನ್ನು ಮರೆಯಬೇಡಿ.

— 9ನೇ ತರಗತಿಯ ವಿದ್ಯಾರ್ಥಿನಿ