ಆರ್ಮೇನಿಯಾ: ಮತಪತ್ರಕ್ಕೂ ಗಡಿರೇಖೆಗೂ ನಡುವೆ

2025ರ ಆಗಸ್ಟ್ 8ರಂದು ಅಮೆರಿಕದ ಶ್ವೇತಭವನದಲ್ಲಿ ಆರ್ಮೇನಿಯಾ ಮತ್ತು ಅಜರ್‌ಬೈಜಾನ್‌ಗಳ ವಿದೇಶಾಂಗ ಸಚಿವರು ಶಾಂತಿ ಒಪ್ಪಂದದ ಕರಡಿಗೆ ಕಿರುಸಹಿ ಹಾಕಿದರು. ಪ್ರಧಾನಿ ನಿಕೋಲ್ ಪಶಿನ್ಯಾನ್ ಮತ್ತು ಅಧ್ಯಕ್ಷ ಇಲ್ಹಾಮ್ ಅಲಿಯೆವ್ ಕೈಕುಲುಕಿದರು. ಡೊನಾಲ್ಡ್ ಟ್ರಂಪ್ ಸಾಕ್ಷಿಯಾದರು. ಆದರೆ ಪೂರ್ಣ ಸಹಿಗೆ ಅಜರ್‌ಬೈಜಾನ್ ಒಡ್ಡಿದ ಷರತ್ತು ಅಪರೂಪದ್ದು: ಆರ್ಮೇನಿಯಾ ಮೊದಲು ತನ್ನ ಸಂವಿಧಾನವನ್ನು ಬದಲಿಸಬೇಕು.

ಆರ್ಮೇನಿಯಾ ಸಂವಿಧಾನದ ಪೀಠಿಕೆಯು 1990ರ ಸ್ವಾತಂತ್ರ್ಯ ಘೋಷಣೆಯನ್ನು ಉಲ್ಲೇಖಿಸುತ್ತದೆ. ಆ ಘೋಷಣೆಯು, ನಗೊರ್ನೊ-ಕರಾಬಾಖ್ ಪ್ರದೇಶವನ್ನು ಆರ್ಮೇನಿಯಾದೊಡನೆ ವಿಲೀನಗೊಳಿಸುವ 1989ರ ನಿರ್ಣಯವನ್ನು ಆಧರಿಸಿದೆ. ಇದು ತನ್ನ ನೆಲದ ಮೇಲಿನ ಹಕ್ಕುಸ್ಥಾಪನೆ ಎಂಬುದು ಅಜರ್‌ಬೈಜಾನ್ ವಾದ. ಹೊಸ ಸಂವಿಧಾನ ಬೇಕಿರುವುದು ತಮ್ಮ ದೇಶದ ಹಿತಕ್ಕಾಗಿಯೇ ಹೊರತು ನೆರೆಯವರ ಒತ್ತಾಯಕ್ಕಲ್ಲ ಎಂದು ಪಶಿನ್ಯಾನ್ ಹೇಳುತ್ತ ಬಂದರು. ಇರಬಹುದು. ಆದರೆ ಯುದ್ಧದಲ್ಲಿ ಗೆದ್ದವನು ಬಾಗಿಲಲ್ಲಿ ಕಾದು ನಿಂತಿರುವಾಗ, ಸೋತ ದೇಶದ ಪ್ರಜೆ ತನ್ನ ಸಂವಿಧಾನದ ಬಗ್ಗೆ ಚಲಾಯಿಸುವ ಮತ ಎಷ್ಟರಮಟ್ಟಿಗೆ ಸ್ವತಂತ್ರ? ಸುಮಾರು 30 ಲಕ್ಷ ಜನಸಂಖ್ಯೆಯ ಈ ಮಾಜಿ ಸೋವಿಯತ್ ಗಣರಾಜ್ಯದ ಪ್ರಜಾಪ್ರಭುತ್ವ ಎದುರಿಸುತ್ತಿರುವ ಪ್ರಶ್ನೆ ಇದು.

ಈ ಪ್ರಜಾಪ್ರಭುತ್ವ ಸುಲಭವಾಗಿ ದಕ್ಕಿದ್ದಲ್ಲ. 1999ರಲ್ಲಿ ಬಂದೂಕುಧಾರಿಗಳು ಸಂಸತ್ತಿನೊಳಗೇ ಪ್ರಧಾನಿಯನ್ನೂ ಸಭಾಧ್ಯಕ್ಷರನ್ನೂ ಕೊಂದರು. 2008ರ ಮಾರ್ಚ್ 1ರಂದು, ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು ಪ್ರತಿಭಟಿಸಿದವರ ಮೇಲೆ ರಾಜಧಾನಿ ಯೆರೆವಾನ್‌ನಲ್ಲಿ ನಡೆದ ಕಾರ್ಯಾಚರಣೆಯಲ್ಲಿ ಹತ್ತು ಮಂದಿ ಸತ್ತರು. ಆ ಪ್ರತಿಭಟನೆಯ ಮುಂಚೂಣಿಯಲ್ಲಿದ್ದು ಅನಂತರ ಜೈಲು ಸೇರಿದ ಪತ್ರಿಕಾ ಸಂಪಾದಕರೇ ಪಶಿನ್ಯಾನ್. ಹತ್ತು ವರ್ಷ ಅಧ್ಯಕ್ಷರಾಗಿದ್ದ ಸೆರ್ಜ್ ಸರ್ಗ್‌ಸ್ಯಾನ್, ಸಂಸದೀಯ ಪದ್ಧತಿಗೆ ಬದಲಾದ ಸಂವಿಧಾನದ ಬಲದಿಂದ 2018ರ ಏಪ್ರಿಲ್‌ನಲ್ಲಿ ಪ್ರಧಾನಿಯಾಗಿ ಮರಳಲು ಹೊರಟರು. ಪಶಿನ್ಯಾನ್ ಗ್ಯುಮ್ರಿ ಪಟ್ಟಣದಿಂದ ರಾಜಧಾನಿಗೆ ಪಾದಯಾತ್ರೆ ಕೈಗೊಂಡರು. ಕೆಲವೇ ದಿನಗಳಲ್ಲಿ ಬೀದಿಗಳು ತುಂಬಿದವು. ಪ್ರಧಾನಿಯಾಗಿ ಆರನೆಯ ದಿನ ಸರ್ಗ್‌ಸ್ಯಾನ್, ಪಶಿನ್ಯಾನ್ ಹೇಳಿದ್ದು ಸರಿ, ತಾವೇ ತಪ್ಪಿದೆವೆಂದು ಒಪ್ಪಿ ಕೆಳಗಿಳಿದರು. ಒಂದು ಗುಂಡೂ ಹಾರಲಿಲ್ಲ. ಮಾಜಿ ಸೋವಿಯತ್ ನಾಡುಗಳಲ್ಲಿ ಇಂತಹ ಅಧಿಕಾರ ಹಸ್ತಾಂತರ ವಿರಳ.

ಈ ಕ್ರಾಂತಿಯ ನಾಯಕರು ಆರಂಭದಿಂದಲೂ ಒಂದು ಮಾತನ್ನು ಒತ್ತಿ ಹೇಳಿದ್ದರು: ಇದು ಆಂತರಿಕ ವಿಚಾರ, ರಷ್ಯಾದ ವಿರುದ್ಧವಲ್ಲ. ಹಾಗೆ ಹೇಳದೆ ಅವರಿಗೆ ಗತ್ಯಂತರವೂ ಇರಲಿಲ್ಲ. ಟರ್ಕಿ 1993ರಲ್ಲಿ ಗಡಿ ಮುಚ್ಚಿತ್ತು. ಅಜರ್‌ಬೈಜಾನ್ ಗಡಿಯೂ ಮುಚ್ಚಿತ್ತು. ತೆರೆದ ದಾರಿಗಳೆಂದರೆ ಜಾರ್ಜಿಯಾ ಮತ್ತು ಇರಾನ್ ಮಾತ್ರ. ಗ್ಯುಮ್ರಿಯಲ್ಲಿ ರಷ್ಯಾದ ಸೇನಾನೆಲೆಯಿದೆ; 2010ರ ಒಪ್ಪಂದದಂತೆ ಅದರ ಅವಧಿ 2044ರವರೆಗೆ. ಅನಿಲ ಸರಬರಾಜಿಗೆ ರಷ್ಯಾದ ಗಾಜ್‌ಪ್ರೋಮ್, ರೈಲು ಮಾರ್ಗಗಳ ನಿರ್ವಹಣೆಗೆ ರಷ್ಯಾದ ರೈಲ್ವೆ. ಐರೋಪ್ಯ ಒಕ್ಕೂಟದೊಡನೆ ಸಿದ್ಧವಾಗಿದ್ದ ಸಹಭಾಗಿತ್ವ ಒಪ್ಪಂದವನ್ನು 2013ರಲ್ಲಿ ಕೈಬಿಟ್ಟ ಹಿಂದಿನ ಸರ್ಕಾರ, 2015ರಲ್ಲಿ ರಷ್ಯಾ ನೇತೃತ್ವದ ಆರ್ಥಿಕ ಒಕ್ಕೂಟವನ್ನು ಸೇರಿತ್ತು. ಹೀಗೆ ಭದ್ರತೆಯ ಹೆಸರಿನಲ್ಲಿ ಸ್ವಾಯತ್ತತೆಯನ್ನು ಕಂತುಕಂತಾಗಿ ಅಡವಿಟ್ಟಿದ್ದ ದೇಶವನ್ನು ಪಶಿನ್ಯಾನ್ ವಹಿಸಿಕೊಂಡರು.

2020ರ ಶರತ್ಕಾಲದ 44 ದಿನಗಳ ಯುದ್ಧದಲ್ಲಿ ಅಜರ್‌ಬೈಜಾನ್, 1994ರಿಂದ ಆರ್ಮೇನಿಯನ್ನರ ವಶದಲ್ಲಿದ್ದ ನೆಲದ ಬಹುಭಾಗವನ್ನು ಮರಳಿ ಪಡೆಯಿತು. ರಷ್ಯಾ ಕದನವಿರಾಮ ಮಾಡಿಸಿ ಸುಮಾರು ಎರಡು ಸಾವಿರ ಶಾಂತಿಪಾಲಕರನ್ನು ನಿಯೋಜಿಸಿತು. 2022ರ ಸೆಪ್ಟೆಂಬರ್‌ನಲ್ಲಿ ದಾಳಿ ಆರ್ಮೇನಿಯಾದ ಸ್ವಂತ ನೆಲಕ್ಕೇ ಬಂದಾಗ, ಮಾಸ್ಕೊ ನೇತೃತ್ವದ ಸಾಮೂಹಿಕ ಭದ್ರತಾ ಒಪ್ಪಂದ ಸಂಘಟನೆ ಸೈನ್ಯ ಕಳುಹಿಸಲಿಲ್ಲ. 2023ರ ಸೆಪ್ಟೆಂಬರ್ 19ರಂದು ಕರಾಬಾಖ್ ಮೇಲೆ ಕಡೆಯ ದಾಳಿ ನಡೆದಾಗ ಶಾಂತಿಪಾಲಕರು ಅಲ್ಲೇ ಇದ್ದರು. ಒಂದೇ ದಿನದಲ್ಲಿ ಎಲ್ಲ ಮುಗಿಯಿತು. ಎರಡು ವಾರ ಕಳೆಯುವುದರೊಳಗೆ ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಹುಟ್ಟಿದೂರು ತೊರೆದರು. ಕಾವಲಿಗೆ ಬಂದವನು ಬರೀ ಕಣ್ಣಲ್ಲಿ ನೋಡುತ್ತ ನಿಂತ ಈ ಪ್ರಸಂಗವೇ ಆರ್ಮೇನಿಯಾದ ವಿದೇಶಾಂಗ ನೀತಿಯನ್ನು ತಿರುಗಿಸಿತೆನ್ನಬೇಕು. 2024ರ ಫೆಬ್ರವರಿಯಲ್ಲಿ ಅದು ಭದ್ರತಾ ಸಂಘಟನೆಯಲ್ಲಿ ತನ್ನ ಪಾಲ್ಗೊಳ್ಳುವಿಕೆಯನ್ನು ಸ್ಥಗಿತಗೊಳಿಸಿತು. 2025ರ ಮಾರ್ಚ್‌ನಲ್ಲಿ ಸಂಸತ್ತು ಐರೋಪ್ಯ ಒಕ್ಕೂಟದ ಸದಸ್ಯತ್ವದತ್ತ ಹೆಜ್ಜೆಯಿಡುವ ಕಾನೂನನ್ನು ಅಂಗೀಕರಿಸಿತು. ಆದರೂ ಅನಿಲದ ಕೊಳವೆ ರಷ್ಯಾದಿಂದಲೇ ಬರುತ್ತದೆ ಎಂಬುದನ್ನು ಯೆರೆವಾನ್ ಮರೆತಿಲ್ಲ.

ಯುದ್ಧ ಸೋತ ಪ್ರಧಾನಿ 2021ರ ಜೂನ್‌ನ ಮಧ್ಯಂತರ ಚುನಾವಣೆಯಲ್ಲಿ ಸುಮಾರು 54 ಶೇಕಡ ಮತ ಪಡೆದು ಗೆದ್ದದ್ದು ಹಲವರಿಗೆ ಅಚ್ಚರಿ ತಂದಿತ್ತು. ಅದು ಸೋಲಿಗೆ ಸಿಕ್ಕ ಮನ್ನಣೆಯಲ್ಲ. ಎದುರಿಗೆ ನಿಂತವರು ಹಳೆಯ ಆಳ್ವಿಕೆಯ ಮುಖಗಳು. ಜನರು ಸೋತವನನ್ನು ಸಹಿಸಿದರು, ಸುಲಿದವರನ್ನು ಸಹಿಸಲಿಲ್ಲ.

ಈ ವಿಶ್ವಾಸವನ್ನು ಸರ್ಕಾರ ಬಳಸಿಕೊಂಡ ಬಗೆ ಮಾತ್ರ ಆತಂಕ ಹುಟ್ಟಿಸುತ್ತದೆ. 2024ರಲ್ಲಿ ತವೂಶ್ ಪ್ರಾಂತ್ಯದ ಗಡಿಯ ನಾಲ್ಕು ಗ್ರಾಮಗಳ ನೆಲವನ್ನು ಅಜರ್‌ಬೈಜಾನ್‌ಗೆ ಹಿಂದಿರುಗಿಸಿದಾಗ ಆರ್ಚ್‌ಬಿಷಪ್ ಬಗ್ರಾತ್ ಗಲ್‌ಸ್ತಾನ್ಯಾನ್ ಜನರನ್ನು ಬೀದಿಗಿಳಿಸಿದರು. 2026ರ ಸಂಸತ್ ಚುನಾವಣೆಯ ಹಿಂದಿನ ವರ್ಷವಾದ 2025ರಲ್ಲಿ ಪ್ರಧಾನಿ ಆರ್ಮೇನಿಯಾ ಚರ್ಚಿನ ಪರಮ ಗುರುವಿನ ಪದಚ್ಯುತಿಗೇ ಕರೆಕೊಟ್ಟರು. ಚರ್ಚಿನ ಪರ ಮಾತನಾಡಿದ, ದೇಶದ ವಿದ್ಯುತ್ ವಿತರಣಾ ಜಾಲದ ಒಡೆಯರಾಗಿದ್ದ ಕೋಟ್ಯಧಿಪತಿ ಸಾಮ್ವೆಲ್ ಕರಾಪೆತ್ಯಾನ್ ಜೂನ್‌ನಲ್ಲಿ ಬಂಧನಕ್ಕೊಳಗಾದರು; ಅವರ ವಿದ್ಯುತ್ ಜಾಲವನ್ನು ವಶಪಡಿಸಿಕೊಳ್ಳಲು ಸರ್ಕಾರ ಮುಂದಾಯಿತು. ಅದೇ ತಿಂಗಳು ಗಲ್‌ಸ್ತಾನ್ಯಾನ್ ಕ್ಷಿಪ್ರಕ್ರಾಂತಿಯ ಸಂಚಿನ ಆರೋಪದಡಿ ಜೈಲು ಸೇರಿದರು. ಅಕ್ಟೋಬರ್‌ನಲ್ಲಿ ಮತ್ತೊಬ್ಬ ಆರ್ಚ್‌ಬಿಷಪ್‌ಗೆ ಎರಡು ವರ್ಷ ಸಜೆಯಾಯಿತು.

ವಿರೋಧಿಗಳಲ್ಲಿ ರಷ್ಯಾದ ಹಿತಕ್ಕೆ ದುಡಿಯುವವರಿಲ್ಲವೆಂದು ಯಾರೂ ಹೇಳಲಾರರು. ಆದರೆ ಪ್ರತಿಯೊಬ್ಬ ವಿರೋಧಿಯೂ ಹೊರಗಿನವರ ಕೈಗೊಂಬೆ ಎಂಬ ವಾದವನ್ನು 2008ರ ಆಳರಸರೂ ಹೂಡಿದ್ದರು. ಆಗ ಅದಕ್ಕೆ ಗುರಿಯಾದವರಲ್ಲಿ ಪಶಿನ್ಯಾನ್ ಕೂಡ ಒಬ್ಬರು. ಮಾಸ್ಕೊದಿಂದ ಬಿಡಿಸಿಕೊಳ್ಳುತ್ತಿರುವ ದೇಶವೆಂಬ ಒಂದೇ ಕಾರಣಕ್ಕೆ ಪಾಶ್ಚಾತ್ಯ ರಾಜಧಾನಿಗಳು ಈ ಬಂಧನಗಳ ಬಗ್ಗೆ ತೋರಿದ ಮೌನವೂ ಸಮರ್ಥನೀಯವಲ್ಲ.

ಭಾರತಕ್ಕೂ ಇಲ್ಲಿ ಪಾತ್ರವಿದೆ. ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ರೂಪಿಸಿ ಬಿಇಎಲ್ ತಯಾರಿಸಿದ, ಶತ್ರು ಫಿರಂಗಿಗಳ ನೆಲೆ ಪತ್ತೆಹಚ್ಚುವ ಸ್ವಾತಿ ರೇಡಾರ್‌ಗಳನ್ನು ಆರ್ಮೇನಿಯಾ ಕೊಳ್ಳುವ ಒಪ್ಪಂದ 2020ರಲ್ಲಿ ವರದಿಯಾಯಿತು. ಅನಂತರ ಪಿನಾಕ ರಾಕೆಟ್, ಆಕಾಶ್ ಕ್ಷಿಪಣಿಗಳ ಸರದಿ. ಅಜರ್‌ಬೈಜಾನ್ ಬೆನ್ನಿಗೆ ಟರ್ಕಿಯೂ ಪಾಕಿಸ್ತಾನವೂ ನಿಂತಿದ್ದರಿಂದ ದೆಹಲಿಯ ಲೆಕ್ಕಾಚಾರ ಸರಳವಾಗಿತ್ತು. 2025ರ ಆಗಸ್ಟ್ ಅಂತ್ಯದವರೆಗೂ ಪಾಕಿಸ್ತಾನ ಆರ್ಮೇನಿಯಾದೊಡನೆ ರಾಜತಾಂತ್ರಿಕ ಸಂಬಂಧವನ್ನೇ ಹೊಂದಿರಲಿಲ್ಲ. ಇದಕ್ಕಿಂತ ಹಳೆಯ ನಂಟೊಂದಿದೆ: ಸ್ವತಂತ್ರ ಆರ್ಮೇನಿಯಾಕ್ಕೊಂದು ಸಂವಿಧಾನದ ಕರಡು 18ನೆಯ ಶತಮಾನದ ಉತ್ತರಾರ್ಧದಲ್ಲಿ ಅಚ್ಚಾದದ್ದು ಮದರಾಸಿನಲ್ಲಿ, ಅಲ್ಲಿ ನೆಲೆಸಿದ್ದ ಆರ್ಮೇನಿಯನ್ ವರ್ತಕ ಶಹಾಮಿರ್ ಶಹಾಮಿರಿಯಾನ್ ಅವರ ಮುತುವರ್ಜಿಯಿಂದ. ರಾಜರಿಲ್ಲದ, ಜನಪ್ರತಿನಿಧಿಗಳ ಆಡಳಿತವನ್ನು ಆ ಕರಡು ಕಲ್ಪಿಸಿತ್ತು.

ಹೊಸ ಸಂವಿಧಾನವೊಂದು ಜಾರಿಗೆ ಬರಬೇಕಾದರೆ ಜನಮತಗಣನೆಯಲ್ಲಿ ಮತ ಚಲಾಯಿಸಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಬೇಕು. ಆ ಸಂಖ್ಯೆ ಒಟ್ಟು ಮತದಾರರ ಕಾಲು ಭಾಗಕ್ಕಿಂತ ಕಡಿಮೆಯಾಗುವಂತಿಲ್ಲ. ಜನರು ಮನೆಯಲ್ಲೇ ಉಳಿದರೂ ಅದು ಬಿದ್ದುಹೋಗಬಹುದು. ಕರಾಬಾಖ್‌ನಿಂದ ಬಂದವರಿಗೆ ಸರ್ಕಾರ ಮೊದಲು ಕೊಟ್ಟದ್ದು ನಿರಾಶ್ರಿತರ ಸ್ಥಾನಮಾನ. ಮತದ ಹಕ್ಕಿಗೆ ಅವರು ಬೇರೆಯಾಗಿ ಪೌರತ್ವದ ಅರ್ಜಿ ಹಾಕಬೇಕು. ಪೀಠಿಕೆಯಿಂದ ಅಳಿಸಬೇಕೆಂದಿರುವ ಸಾಲು ಅವರ ಊರಿಗೆ ಸಂಬಂಧಿಸಿದ್ದು.