ಅಗ್ಗದ ಆಟಕ್ಕೆ ಯಾವ ಅಳತೆಗೋಲು?

2010ರ ಫೆಬ್ರವರಿಯಲ್ಲಿ ‘ಡೆಡ್ಲಿ ಪ್ರೆಮೊನಿಶನ್’ ಎಂಬ ವಿಡಿಯೊ ಗೇಮ್ ಅಮೆರಿಕದ ಅಂಗಡಿಗಳಿಗೆ ಬಂತು. ಎಕ್ಸ್‌ಬಾಕ್ಸ್ 360 ಕನ್ಸೋಲ್‌ಗೆಂದು ಜಪಾನಿನ ಆಕ್ಸೆಸ್ ಗೇಮ್ಸ್ ಎಂಬ ಚಿಕ್ಕ ಸಂಸ್ಥೆ ಮಾಡಿದ ಆಟ ಅದು. ದೊಡ್ಡ ಸಂಸ್ಥೆಗಳ ಹೊಸ ಆಟಗಳು 60 ಡಾಲರಿಗೆ ಬಿಕರಿಯಾಗುತ್ತಿದ್ದ ದಿನಗಳಲ್ಲಿ ಇದಕ್ಕೆ ಇಟ್ಟ ಬೆಲೆ 20 ಡಾಲರ್. ಅಲ್ಲಿ ಅದನ್ನು ಹೊರತಂದ ಇಗ್ನಿಷನ್ ಎಂಟರ್‌ಟೇನ್‌ಮೆಂಟ್ ಆಗ ಮುಂಬೈಯ ಯುಟಿವಿಯ ಒಡೆತನದಲ್ಲಿತ್ತು. ನಮ್ಮ ದೇಶದ ದುಡ್ಡಿಗೂ ಈ ಆಟಕ್ಕೂ ಅಷ್ಟು ನಂಟು. ಐಜಿಎನ್ ಜಾಲತಾಣದ ಅಮೆರಿಕದ ವಿಮರ್ಶಕರು ಅದಕ್ಕೆ ಹತ್ತಕ್ಕೆ ಎರಡು ಅಂಕ ಕೊಟ್ಟರು. ಡಿಸ್ಟ್ರಕ್ಟಾಯ್ಡ್ ಜಾಲತಾಣದ ವಿಮರ್ಶಕರು ಹತ್ತಕ್ಕೆ ಹತ್ತು ಕೊಟ್ಟರು. ಜೀವ ಉಳಿಸಿಕೊಳ್ಳಲು ಹೆಣಗುವ ಭಯಾನಕ ಆಟಗಳ ಪ್ರಕಾರದಲ್ಲಿ ವಿಮರ್ಶಕರನ್ನು ಇಷ್ಟು ಇಬ್ಭಾಗ ಮಾಡಿದ್ದು ಬೇರೊಂದಿಲ್ಲ ಎಂದು ಗಿನ್ನೆಸ್ ಕೂಡ ದಾಖಲಿಸಿತು.

ಈ ಎಂಟು ಅಂಕಗಳ ಅಂತರವನ್ನು ‘ಅವರವರ ರುಚಿ’ ಎಂದು ಬದಿಗೆ ಸರಿಸಿಬಿಡಬಹುದು. ಆದರೆ ಅದರ ಅಡಿಯಲ್ಲೊಂದು ಹಳೆಯ ಪ್ರಶ್ನೆ ಇದೆ. ಕಡಿಮೆ ದುಡ್ಡಿನಲ್ಲಿ ಮಾಡಿದ ಕೃತಿ ನಿರಾಸೆ ಮಾಡಿದಾಗ ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ನೂರಾರು ಜನ ವರ್ಷಗಟ್ಟಲೆ ದುಡಿದ ಆಟಕ್ಕೂ ಬೆರಳೆಣಿಕೆಯ ಮಂದಿ ಗಡಿಬಿಡಿಯಲ್ಲಿ ಮುಗಿಸಿದ ಆಟಕ್ಕೂ ಒಂದೇ ಗೋಲು ಸಾಕೆ? ನನ್ನ ಉತ್ತರ ಇಷ್ಟು: ಬಡತನಕ್ಕೆ ರಿಯಾಯಿತಿ ಸಲ್ಲಬೇಕು, ಆದರೆ ಆಟದ ಗಾತ್ರದ ಮಟ್ಟಿಗೆ ಮಾತ್ರ. ಆಡುವವರಿಗೆ ಆಟ ಕೊಟ್ಟ ಮಾತಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ಈ ಎರಡನ್ನೂ ಬೇರ್ಪಡಿಸಿ ತೋರಿಸುವುದೇ ವಿಮರ್ಶಕರ ಕೆಲಸ.

ಈ ಕೆಲಸವನ್ನು ತಪ್ಪಿಸಿಕೊಳ್ಳಲು ಎರಡು ದಾರಿಗಳಿವೆ, ಎರಡೂ ಚೆನ್ನಾಗಿ ಸವೆದಿವೆ. ಮೊದಲನೆಯದು ಗೇಲಿ. 2006ರಿಂದ ಯೂಟ್ಯೂಬಿನಲ್ಲಿ ‘ಆಂಗ್ರಿ ವಿಡಿಯೊ ಗೇಮ್ ನರ್ಡ್’ ಎಂಬ ಪಾತ್ರ ಧರಿಸಿ ಜೇಮ್ಸ್ ರೋಲ್ಫ್ ಹಳೆಯ ಕೆಟ್ಟ ಆಟಗಳನ್ನು ಬೈಯುತ್ತ ಬಂದರು. ಅವರ ಬೈಗುಳದಲ್ಲಿ ಪ್ರತಿಭೆಯಿತ್ತು. ಆಟ ಎಲ್ಲಿ ಕೈಕೊಡುತ್ತದೆ ಎಂದು ಆಡಿ ತೋರಿಸುವ ಶ್ರದ್ಧೆಯೂ ಇತ್ತು. ಅವರನ್ನು ಅನುಕರಿಸಿದ ಅನೇಕರಿಗೆ ಬೈಗುಳ ಮಾತ್ರ ದಕ್ಕಿತು. ಕೆಟ್ಟ ಆಟ ಸಿಕ್ಕರೆ ಹಬ್ಬ ಎನ್ನುವ ಬರವಣಿಗೆ ಹಾಗೆ ಬೆಳೆಯಿತು. ಬಿದ್ದವನ ಮೇಲೆ ಆಳಿಗೊಂದು ಕಲ್ಲು. ಇದರಲ್ಲಿ ಧೈರ್ಯವೇನೂ ಬೇಕಾಗಿಲ್ಲ, ಏಕೆಂದರೆ ಚಿಕ್ಕ ಸಂಸ್ಥೆಗೆ ಜಾಹೀರಾತು ಕೊಡುವ ಶಕ್ತಿಯಿಲ್ಲ, ಹಿಂತೆಗೆಯುವ ಬೆದರಿಕೆಯೂ ಇಲ್ಲ. ಧೈರ್ಯ ಎಲ್ಲಿ ಬೇಕು ಎಂಬುದಕ್ಕೆ 2007ರ ಪ್ರಸಂಗ ಸಾಕ್ಷಿ. ಗೇಮ್‌ಸ್ಪಾಟ್ ಜಾಲತಾಣದ ಸಂಪಾದಕ ಜೆಫ್ ಗರ್ಸ್ಟ್‌ಮನ್, ತಮ್ಮ ಪುಟಗಳಲ್ಲೇ ಜಾಹೀರಾತು ರಾರಾಜಿಸುತ್ತಿದ್ದ ‘ಕೇನ್ ಆ್ಯಂಡ್ ಲಿಂಚ್’ ಆಟಕ್ಕೆ ಹತ್ತಕ್ಕೆ ಆರು ಕೊಟ್ಟರು, ಕೆಲಸ ಕಳೆದುಕೊಂಡರು. ಅದರ ಹಿಂದಿದ್ದ ಕಾರಣವನ್ನು ಅವರು ಬಾಯಿಬಿಟ್ಟು ಹೇಳಲು ಸಾಧ್ಯವಾದದ್ದು 2012ರಲ್ಲಿ. ದೊಡ್ಡ ಆಟಕ್ಕೆ ಆರು ಕೊಟ್ಟವರಿಗೆ ಅಂಥ ಗತಿ, ಸಣ್ಣ ಆಟಕ್ಕೆ ಒಂದು ಕೊಟ್ಟವರಿಗೆ ಚಪ್ಪಾಳೆ.

ಎರಡನೆಯ ದಾರಿ ದಯೆ. ‘ಪಾಪ, ಚಿಕ್ಕ ತಂಡ’, ‘ಮೊದಲ ಪ್ರಯತ್ನ’, ‘ಆ ಬೆಲೆಗೆ ಪರವಾಗಿಲ್ಲ’ ಎಂಬ ಮಾತುಗಳು. ಹೊಸಬರ ಕನ್ನಡ ಸಿನಿಮಾದ ವಿಮರ್ಶೆ ಓದುವವರಿಗೆ ಈ ಧಾಟಿ ಹೊಸದಲ್ಲ. ಆಟಗಳ ಲೋಕದಲ್ಲಿ ಇದಕ್ಕೆ ಭಾರತದ್ದೇ ಉದಾಹರಣೆಯಿದೆ. ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ಮಾಡಿ, ಸೋನಿ 2009ರಲ್ಲಿ ಹೊರತಂದ ‘ಹನುಮಾನ್: ಬಾಯ್ ವಾರಿಯರ್’ ಪೂರ್ತಿಯಾಗಿ ಭಾರತದಲ್ಲೇ ತಯಾರಾದ ಮೊದಲ ಪ್ಲೇಸ್ಟೇಷನ್ ಆಟ ಎಂದು ಪ್ರಚಾರ ಪಡೆಯಿತು. ಅದು ಪ್ಲೇಸ್ಟೇಷನ್ 2ಕ್ಕೆ ಬಂದ ಅಗ್ಗದ ಆಟ. ಆಡಿದವರ ವಿಮರ್ಶೆಗಳು ಕಟುವಾಗಿದ್ದವು. ಆದರೆ ಸುದ್ದಿಯಾದದ್ದು ಬೇರೆ ಎರಡು ಸಂಗತಿಗಳು: ಒಂದು, ‘ಭಾರತದ ಮೊದಲ’ ಎಂಬ ಹೆಮ್ಮೆ, ಇನ್ನೊಂದು, ದೇವರನ್ನು ಗುಂಡಿ ಒತ್ತಿ ಕುಣಿಸುವುದು ಅಪಚಾರ ಎಂದು ಅಮೆರಿಕದ ಹಿಂದೂ ಮುಖಂಡ ರಾಜನ್ ಝೆಡ್ ಎತ್ತಿದ ಆಕ್ಷೇಪ. ದೇಶಾಭಿಮಾನ, ಭಕ್ತಿ ಎರಡೂ ಗದ್ದಲ ಮಾಡಿದ ಕಡೆ, ಬಾಲ ಹನುಮಂತ ಹಾರಿದ್ದು ಹಾರಿದಂತೆ ಇದೆಯೇ ಎಂಬ ಸರಳ ಪ್ರಶ್ನೆ ಯಾರ ಕಿವಿಗೂ ಬೀಳಲಿಲ್ಲ.

ದಯೆಯ ವಿಮರ್ಶೆ ಯಾರಿಗೆ ಮೋಸ ಮಾಡುತ್ತದೆ? ಮುಖ್ಯವಾಗಿ, ಕೊಳ್ಳುವವರಿಗೆ. ಅಗ್ಗದ ಆಟ ಕೊಳ್ಳುವವರು ಹೆಚ್ಚಾಗಿ ಕೈಯಲ್ಲಿ ಕಡಿಮೆ ದುಡ್ಡಿರುವವರು. ಒಂದು ಆಟ ಕೆಟ್ಟರೆ ಮರುದಿನ ಇನ್ನೊಂದು ತರುವ ಅನುಕೂಲ ಅವರಿಗಿಲ್ಲ. ಜೊತೆಗೆ, ಆಟಕ್ಕೆ ತೆರುವ ನಿಜವಾದ ಬೆಲೆ ಹೊತ್ತು. ಸಿನಿಮಾ ಕೆಟ್ಟರೆ ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಕೆಟ್ಟ ಆಟ ಹತ್ತು ಗಂಟೆ ತಿನ್ನಬಹುದು, ಅದೂ ನಮ್ಮ ಕೈಯಿಂದಲೇ ದುಡಿಸಿಕೊಂಡು.

ಕನ್ಸೋಲ್ ಮಾಡುವ ಕಂಪನಿಗಳೇ ಆಟಗಳ ತಪಾಸಣೆ ಮಾಡುತ್ತವಲ್ಲ ಎಂದು ಕೇಳಬಹುದು. ಅದರ ಇತಿಹಾಸ ಸ್ವಾರಸ್ಯಕರ. 1983ರ ಹೊತ್ತಿಗೆ ಅಮೆರಿಕದ ಮಾರುಕಟ್ಟೆ ಕಳಪೆ ಆಟಗಳಿಂದ ತುಂಬಿ ಕುಸಿದುಬಿದ್ದಿತ್ತು. ಆ ಪಾಠ ಕಲಿತ ನಿಂಟೆಂಡೊ 1985ರಲ್ಲಿ ತನ್ನ ಎನ್‌ಇಎಸ್ ಕನ್ಸೋಲನ್ನು ಅಲ್ಲಿ ಬಿಡುಗಡೆ ಮಾಡಿದಾಗ, ಅನುಮತಿಯಿಲ್ಲದ ಕಾರ್ಟ್ರಿಜ್ ಓಡದಂತೆ ಬೀಗದ ಚಿಪ್ ಹಾಕಿತು, ಹೊರಗಿನ ಸಂಸ್ಥೆಗಳಿಗೆ ವರ್ಷಕ್ಕೆ ಐದೇ ಆಟ ಎಂಬ ಮಿತಿ ಹೇರಿತು, ಡಬ್ಬಿಯ ಮೇಲೆ ಗುಣಮಟ್ಟದ ಮುದ್ರೆ ಒತ್ತಿತು. ಆದರೆ ಮುದ್ರೆ ಹೇಳುತ್ತಿದ್ದದ್ದು ಆಟ ಈ ಯಂತ್ರದಲ್ಲಿ ಸರಿಯಾಗಿ ಓಡುತ್ತದೆ ಎಂದಷ್ಟೇ. ಆಡಲು ಯೋಗ್ಯವೇ ಎಂಬುದನ್ನಲ್ಲ. ನಿಂಟೆಂಡೊದ ಅನುಮತಿ ಪಡೆದೇ 1999ರಲ್ಲಿ ನಿಂಟೆಂಡೊ 64ಕ್ಕೆ ಬಂದ ಟೈಟಸ್ ಸಂಸ್ಥೆಯ ‘ಸೂಪರ್‌ಮ್ಯಾನ್’ ಇಂದಿಗೂ ಅತಿ ಕೆಟ್ಟ ಆಟಗಳ ಪಟ್ಟಿಯಿಂದ ಕೆಳಗಿಳಿದಿಲ್ಲ. ಯಂತ್ರದ ಕಾವಲುಗಾರರು ಬಿಟ್ಟಲ್ಲಿಂದಲೇ ವಿಮರ್ಶಕರ ಕಾವಲು ಶುರುವಾಗುತ್ತದೆ.

ಆ ‘ಸೂಪರ್‌ಮ್ಯಾನ್’ ಆಟದಲ್ಲೊಂದು ಮಂಜು ಇದೆ. ನಗರದ ದೂರದ ಕಟ್ಟಡಗಳನ್ನು ಬಿಡಿಸುವ ಶಕ್ತಿ ಸಾಲದ್ದರಿಂದ ನಾಲ್ಕು ಹೆಜ್ಜೆ ಆಚೆಗೆ ಎಲ್ಲವನ್ನೂ ಮಬ್ಬು ಕವಿಸಿ, ಅದು ಖಳನಾಯಕ ಹರಡಿದ ‘ಕ್ರಿಪ್ಟೊನೈಟ್ ಮಂಜು’ ಎಂದು ಕತೆ ಕಟ್ಟಿದರು. ಹಾರುವ ನಾಯಕನ ಆಟದಲ್ಲಿ ಆಕಾಶವೇ ಕಾಣದು. ಆ ಮಬ್ಬಿನಲ್ಲಿ ಉಂಗುರಗಳ ಒಳಗೆ ತೂರುತ್ತ ಹೋಗುವುದೇ ಕೆಲಸ. ಅದೇ 1999ರಲ್ಲಿ, ಪ್ಲೇಸ್ಟೇಷನ್‌ನ ಅಂಥದೇ ಮಿತಿಗೆ ಸಿಕ್ಕಿ, ಕೊನಾಮಿಯ ‘ಸೈಲೆಂಟ್ ಹಿಲ್’ ಕೂಡ ಊರಿಗೆ ಊರನ್ನೇ ಮಂಜಿನಲ್ಲಿ ಮುಳುಗಿಸಿತು. ಅಲ್ಲಿ ಮಗಳನ್ನು ಹುಡುಕುತ್ತ ಹೊರಟ ತಂದೆಗೆ ಎದುರು ಏನಿದೆ ಎಂದು ಕಾಣದಿರುವುದೇ ಭಯದ ಮೂಲವಾಯಿತು. ಯಂತ್ರದ ಕೊರತೆ ಒಂದೇ, ಉಪಾಯವೂ ಒಂದೇ. ಒಂದು ಕಡೆ ಅದು ನೆಪ, ಇನ್ನೊಂದು ಕಡೆ ಕಲೆ. ‘ದೃಶ್ಯ ಮಬ್ಬಾಗಿದೆ’ ಎಂದು ಎರಡಕ್ಕೂ ಅಂಕ ಕಳೆಯುವ ವಿಮರ್ಶೆ ಎರಡನ್ನೂ ನೋಡಿಲ್ಲ.

ಹಾಗಾದರೆ ಬಡ ಆಟ ಏನು ಮಾಡಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಇದನ್ನು ಚೆನ್ನಾಗಿ ಮಾಡಿ ತೋರಿಸಿದವರು ಜಪಾನಿನ ಡಿ3 ಪಬ್ಲಿಷರ್. ಸಾಮಾನ್ಯ ಆಟಗಳ ಬೆಲೆ ಐದಾರು ಸಾವಿರ ಯೆನ್ ಇದ್ದ ಕಾಲದಲ್ಲಿ, 1998ರಿಂದ, ಅವರು 1500 ಯೆನ್‌ಗೆ ‘ಸಿಂಪಲ್’ ಎಂಬ ಮಾಲೆ ತಂದರು. ಪ್ಲೇಸ್ಟೇಷನ್ 2 ಬಂದ ಮೇಲೆ 2000 ಯೆನ್‌ನ ಇನ್ನೊಂದು ಮಾಲೆ ಬಂತು. ಎರಡರಲ್ಲೂ ನೂರಕ್ಕೂ ಹೆಚ್ಚು ಆಟಗಳು. ಅನೇಕವು ನೀರಸ, ಕೆಲವು ತೀರಾ ಕಳಪೆ. ಆದರೆ 2003ರಲ್ಲಿ ಎರಡನೆಯ ಮಾಲೆಯಲ್ಲಿ ಸ್ಯಾಂಡ್‌ಲಾಟ್ ಎಂಬ ಪುಟ್ಟ ಸಂಸ್ಥೆ ಮಾಡಿದ ‘ಚಿಕ್ಯೂ ಬೋಯೆಗುನ್’, ಅಂದರೆ ಭೂಮಿ ರಕ್ಷಣಾ ಪಡೆ, ಬಂತು. ಕತೆ ಎರಡು ಸಾಲಿನಷ್ಟು, ಮನುಷ್ಯರ ಮುಖಗಳು ಮರದ ಬೊಂಬೆಯಷ್ಟು. ಬೇರೆಲ್ಲ ಕಡೆ ಉಳಿಸಿದ ಶಕ್ತಿಯನ್ನು ಅವರು ಒಂದೇ ಕಡೆ ಸುರಿದರು: ಮನೆ ಗಾತ್ರದ ಇರುವೆಗಳು ಪರದೆ ತುಂಬ ನುಗ್ಗಬೇಕು, ಅವುಗಳ ಮೇಲೆ ಹಾರಿಸಿದ ರಾಕೆಟ್ ಗುರಿ ತಪ್ಪಿದರೆ ಪಕ್ಕದ ಕಟ್ಟಡವೇ ಉರುಳಬೇಕು. ಇರುವೆಗಳು ಹೆಚ್ಚಾದಾಗ ಚಿತ್ರ ತಡವರಿಸುತ್ತಿತ್ತು, ನಿಜ. ಆದರೂ ಕೊಟ್ಟ ಮಾತು ಉಳಿಸಿಕೊಂಡ ಆಟ ಅದು. ಎರಡು ಸಾವಿರ ಯೆನ್‌ಗೆ ಹುಟ್ಟಿದ ಆ ಸರಣಿಯ ಆರನೆಯ ಆಟ 2024ರಲ್ಲಿ ಜಗತ್ತಿನ ಮಾರುಕಟ್ಟೆಗೆ ಬಂತು.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ‘ನೆಗೆತದ ಹದ, ಕ್ಯಾಮೆರಾದ ಚಲನೆ, ಸೋತವರನ್ನು ಎಲ್ಲಿಂದ ಮತ್ತೆ ಆಡಿಸಬೇಕೆಂಬ ನಿರ್ಧಾರ, ಇವೆಲ್ಲ ಬರೀ ಯೋಚನೆಯಿಂದ ಬರುವುದಿಲ್ಲ. ಆಡಿ, ಕೆಡವಿ, ಮತ್ತೆ ಕಟ್ಟಲು ತಿಂಗಳುಗಳು ಬೇಕು. ತಿಂಗಳುಗಳೆಂದರೆ ಸಂಬಳ, ಸಂಬಳವೆಂದರೆ ದುಡ್ಡು. ಗಾತ್ರ ಬೇರೆ, ಹದ ಬೇರೆ ಎಂಬ ನಿಮ್ಮ ವಿಂಗಡಣೆಯೇ ಸುಳ್ಳು’ ಎನ್ನಬಹುದು. ಈ ಮಾತಿನಲ್ಲಿ ಸತ್ಯವಿದೆ. ಅದರ ದೊಡ್ಡ ಪುರಾವೆ 1982ರ ‘ಇ.ಟಿ.’ ಆಟ. ಹವರ್ಡ್ ಸ್ಕಾಟ್ ವಾರ್ಷಾ ಅಟಾರಿ ಸಂಸ್ಥೆಯಲ್ಲಿ ‘ಯಾರ್ಸ್ ರಿವೆಂಜ್’ನಂಥ ಮೆಚ್ಚುಗೆಯ ಆಟ ಮಾಡಿದ್ದವರು. ಸ್ಪಿಲ್‌ಬರ್ಗ್ ಸಿನಿಮಾದ ಹಕ್ಕಿಗೆ ಕೋಟಿಗಟ್ಟಲೆ ಡಾಲರ್ ಸುರಿದ ಅಟಾರಿ, ಕ್ರಿಸ್‌ಮಸ್ ಮಾರಾಟ ತಪ್ಪಬಾರದೆಂದು ಅವರಿಗೆ ಕೊಟ್ಟದ್ದು ಸುಮಾರು ಐದು ವಾರ. ಆಡುವವರು ಹೆಜ್ಜೆಹೆಜ್ಜೆಗೂ ಗುಂಡಿಗೆ ಬೀಳುವ ಆಟ ಹೊರಬಂತು. ಮಾರಾಟವಾಗದೆ ಉಳಿದ ಕಾರ್ಟ್ರಿಜ್‌ಗಳು ನ್ಯೂಮೆಕ್ಸಿಕೊದ ಅಲಮೊಗಾರ್ಡೊದಲ್ಲಿ ಮಣ್ಣು ಸೇರಿದವು; 2014ರಲ್ಲಿ ಅಗೆದಾಗ ಕೆಲವು ಮತ್ತೆ ಮೇಲೆ ಬಂದವು.

ಆದರೆ ಈ ಉದಾಹರಣೆ ನನ್ನ ವಾದವನ್ನು ಕೆಡಿಸುವುದಿಲ್ಲ, ಇನ್ನಷ್ಟು ಹರಿತ ಮಾಡುತ್ತದೆ. ದುಡ್ಡು ಇತ್ತು, ಅದು ಹೆಸರಿಗೆ ಹೋಯಿತು, ಹೊತ್ತಿಗೆ ಹೋಗಲಿಲ್ಲ. ಯಾವುದಕ್ಕೆ ಖರ್ಚು ಮಾಡಬೇಕು, ಯಾವುದನ್ನು ಕೈಬಿಡಬೇಕು ಎಂಬುದು ಬಡ ತಂಡದ ಮುಂದೆಯೂ ಇರುವ ಆಯ್ಕೆ. ಐದು ಹಂತ ಮಾಡುವಷ್ಟು ದುಡ್ಡಿದ್ದವರು ಹದಿನೈದು ಹಂತ ಮಾಡಿ ಒಂದನ್ನೂ ಪರೀಕ್ಷಿಸದೆ ಬಿಟ್ಟರೆ ಅದನ್ನು ಬಡತನ ಎನ್ನಲಾಗದು. ಇನ್ನೊಂದು ವಿವೇಚನೆಯೂ ಇಲ್ಲಿಂದ ಹುಟ್ಟುತ್ತದೆ: ತಪ್ಪು ಯಾರದು? ‘ಸೂಪರ್‌ಮ್ಯಾನ್’ ತಯಾರಕರು ಹಕ್ಕುದಾರರ ನಿರ್ಬಂಧಗಳೇ ತಮ್ಮ ಕೈ ಕಟ್ಟಿದವು ಎಂದು ಆಮೇಲೆ ಹೇಳಿಕೊಂಡರು. ಅದನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಆದರೂ ಪರದೆಯ ಮೇಲಿನ ದೋಷವನ್ನೆಲ್ಲ ಪ್ರೋಗ್ರಾಮರ್‌ನ ದಡ್ಡತನಕ್ಕೆ ಕಟ್ಟಿ ನಗುವ ವಿಮರ್ಶೆ, ಗಡುವು ಹಾಕಿದವರನ್ನು ಸಲೀಸಾಗಿ ಬಿಟ್ಟುಬಿಡುತ್ತದೆ.

ಈ ಬೆಳಕಿನಲ್ಲಿ ‘ಡೆಡ್ಲಿ ಪ್ರೆಮೊನಿಶನ್’ನ ಎರಡು ಮತ್ತು ಹತ್ತನ್ನು ನೋಡೋಣ. ಗುಂಡಿನ ಕಾಳಗ ಒರಟು, ಕಾರು ಓಡಿಸುವುದು ಹಿಂಸೆ, ಚಿತ್ರಗಳು ಹಿಂದಿನ ತಲೆಮಾರಿನ ಯಂತ್ರದವು ಎಂಬಂತಿವೆ. ಎರಡು ಕೊಟ್ಟವರು ಸುಳ್ಳು ಹೇಳಲಿಲ್ಲ. ಆದರೆ ನಿರ್ದೇಶಕ ಹಿಡೆಟಾಕಾ ಸುಯೆಹಿರೊ ತಮ್ಮ ಚಿಕ್ಕ ತಂಡದ ಶ್ರಮವನ್ನು ಬೇರೆ ಕಡೆ ಹೂಡಿದ್ದರು. ಗ್ರೀನ್‌ವೇಲ್ ಎಂಬ ಊರಿನ ಪ್ರತಿಯೊಬ್ಬರಿಗೂ ಬೆಳಗಿನಿಂದ ರಾತ್ರಿಯವರೆಗೆ ಅವರದೇ ದಿನಚರಿಯಿದೆ. ಕಿಟಕಿಯಲ್ಲಿ ಇಣುಕಿದರೆ ಅವರ ಬದುಕು ನಡೆಯುತ್ತಿರುತ್ತದೆ. ಪತ್ತೇದಾರ ಯಾರ್ಕ್‌ಗೆ ಹಸಿವು, ನಿದ್ದೆ ಇವೆ; ಕ್ಷೌರ ಮಾಡಿಕೊಳ್ಳದಿದ್ದರೆ ಗಡ್ಡ ಬೆಳೆಯುತ್ತದೆ; ತನ್ನೊಳಗಿನ ಜ್ಯಾಕ್ ಎಂಬವನ ಜೊತೆ ಅವನು ಬಿಡದೆ ಮಾತಾಡುತ್ತಾನೆ. ಹತ್ತು ಕೊಟ್ಟವರು ಇದನ್ನು ಕಂಡರು. ನನ್ನ ಮಟ್ಟಿಗೆ ಅದು ಹತ್ತರ ಆಟವಲ್ಲ. ಕಾಳಗದ ಗಂಟೆಗಳು ಆಡುವವರ ತಾಳ್ಮೆಯನ್ನು ನಿಜಕ್ಕೂ ಕದಿಯುತ್ತವೆ. ಎರಡರ ಆಟವಂತೂ ಅಲ್ಲವೇ ಅಲ್ಲ. ಎರಡು ಎಂಬುದು ಯೋಚನೆಯೇ ಇಲ್ಲದ ಆಟಕ್ಕೆ ಮೀಸಲಿರಬೇಕಾದ ಅಂಕ. ಇಲ್ಲಿ ಯೋಚನೆ ಉಕ್ಕುತ್ತಿತ್ತು, ಕೈ ಸಾಲಲಿಲ್ಲ. ಈ ವ್ಯತ್ಯಾಸವನ್ನು ಅಂಕ ಹೇಳಲಾರದು, ವಾಕ್ಯ ಹೇಳಬಲ್ಲದು.

ನಮ್ಮ ದೇಶಕ್ಕೂ ಈ ಮಾತು ಅನ್ವಯಿಸುತ್ತದೆ. ಭಾರತದಲ್ಲಿ ಕೈಚಳಕಕ್ಕೆ ಎಂದೂ ಬರವಿರಲಿಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರ‍್ಯಾಕ್ಟಿವ್‌ನ ಕಲಾವಿದರು ‘ಫೋರ್ಜಾ’ದಂಥ ದೊಡ್ಡ ಕನ್ಸೋಲ್ ಆಟಗಳಿಗೆ ಕೆಲಸ ಮಾಡಿದರು, 2019ರಲ್ಲಿ ಆಟದ ಕಂಪನಿ ರಾಕ್‌ಸ್ಟಾರ್ ಆ ಸಂಸ್ಥೆಯನ್ನೇ ಕೊಂಡಿತು. ಕೊರತೆಯಿದ್ದದ್ದು ಸ್ವಂತ ಆಟವನ್ನು ಕಲ್ಪಿಸಿ, ತಿದ್ದಿ, ಮುಗಿಸುವ ಅವಕಾಶಕ್ಕೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ‘ರಾಜಿ: ಆ್ಯನ್ ಏನ್ಷೆಂಟ್ ಎಪಿಕ್’ಗಾಗಿ 2017ರಲ್ಲಿ ಜನರಿಂದ ದುಡ್ಡು ಕೂಡಿಸಲು ಹೊರಟು ವಿಫಲವಾಯಿತು, ಆದರೂ 2020ರಲ್ಲಿ ಆಟ ನಿಂಟೆಂಡೊ ಸ್ವಿಚ್‌ಗೆ ಬಂತು. ಕತೆ ಹೇಳುವ ಭಾಗಗಳಿಗೆ ಅವರು ತೊಗಲುಗೊಂಬೆಯ ನೆರಳಾಟದ ರೂಪ ಕೊಟ್ಟರು. ಕಡಿಮೆ ದುಡ್ಡಿಗೂ ಒಪ್ಪುವ, ಈ ನೆಲದ್ದೇ ಆದ ರೂಪ. ವಿಮರ್ಶಕರು ಅದರ ಚೆಲುವನ್ನು ಕೊಂಡಾಡಿದರು. ಹೊಡೆದಾಟ ತೆಳುವಾಗಿದೆ, ಕತೆ ಥಟ್ಟನೆ ಮುಗಿಯುತ್ತದೆ ಎಂದೂ ಬರೆದರು. ಎರಡೂ ನಿಜವಾಗಿತ್ತು. ‘ಹನುಮಾನ್’ಗೆ ಸಿಗದೆ ಹೋದ ಗೌರವ ಇದು: ನಮ್ಮವರು ಎಂಬ ರಿಯಾಯಿತಿಯೂ ಇಲ್ಲ, ಬಡವರು ಎಂಬ ತಾತ್ಸಾರವೂ ಇಲ್ಲ.

ಕನ್ನಡದಲ್ಲಿ ಆಟಗಳ ವಿಮರ್ಶೆ ಇನ್ನೂ ಗಟ್ಟಿಯಾಗಿ ಬೇರೂರಿಲ್ಲ. ಆದ್ದರಿಂದಲೇ ಒಳ್ಳೆಯ ರೂಢಿ ಹಾಕಲು ಇದು ತಕ್ಕ ಹೊತ್ತು. ನಿರಾಸೆ ಮಾಡಿದ ಸಣ್ಣ ಆಟದ ಬಗ್ಗೆ ಬರೆಯುವವರು ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲಿ. ಆಟ ಏನು ಕೊಡುತ್ತೇನೆಂದು ಮಾತು ಕೊಟ್ಟಿತ್ತು? ಇದ್ದ ದುಡ್ಡು, ಹೊತ್ತನ್ನು ಎಲ್ಲಿ ಹೂಡಿತು? ಸೋತದ್ದು ಇಲ್ಲದ್ದರಿಂದಲೋ, ಇದ್ದದ್ದನ್ನು ಪೋಲು ಮಾಡಿದ್ದರಿಂದಲೋ? ಈ ಮೂರಕ್ಕೆ ಉತ್ತರ ಸಿಕ್ಕರೆ ಕೊಳ್ಳುವವರಿಗೆ ದಾರಿ ಸಿಗುತ್ತದೆ, ಮಾಡಿದವರಿಗೆ ಪಾಠ ಸಿಗುತ್ತದೆ. ಅಂಕ ಆಮೇಲೆ ಕೊಡಬಹುದು. ಕೊಡದಿದ್ದರೂ ಯಾರಿಗೂ ನಷ್ಟವಿಲ್ಲ.